ಹುಲ್ಲಿನ ಕರು

ಒಣಹುಲ್ಲಿನ ವಾಸನೆ ಬಂದರೆ ಈಗಲೂ ನನಗೆ ಕ್ಯಾತನಹಳ್ಳಿಯ ನಮ್ಮ ಕೊಟ್ಟಿಗೆಯ ಆ ಸಂಜೆಯೇ ಕಣ್ಣಮುಂದೆ ನಿಲ್ಲುತ್ತದೆ. ಅಜ್ಜಿ ಹಾಲು ಕರೆಯುತ್ತಿದ್ದಳು, ಅವ್ವ ಬಾಗಿಲಿಗೆ ಒರಗಿ ಕೂತಿದ್ದಳು, ನಾನು ನೋಟುಪುಸ್ತಕ ಹಿಡಿದು ನಿಂತಿದ್ದೆ. ಅವ್ವ ಪಾಂಡವಪುರದ ಆಸ್ಪತ್ರೆಯಿಂದ ಕೂಸಿಲ್ಲದೆ ಬಂದು ಹದಿನೈದು ದಿನವಾಗಿತ್ತು. ಆಮೇಲೆ ಹಸುವಿನ ಎಳೆಗರುವೂ ಸತ್ತಿತ್ತು. ಡೈರಿಗೆ ಹಾಲು ಹಾಕದೆ ನಮ್ಮ ಮನೆ ನಡೆಯುತ್ತಿರಲಿಲ್ಲ. ಹಸು ಹಾಲು ಬಿಡಲೆಂದು ತಾತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಅದರ ಮುಂದೆ ನಿಲ್ಲಿಸಿದ್ದ. ಹಸು ಅದನ್ನು ನೆಕ್ಕುತ್ತಿತ್ತು.

ಕತೆಯನ್ನು ಯಾರ ಕಣ್ಣಿಂದ ನೋಡುತ್ತೇವೋ ಅದು ದೃಷ್ಟಿಕೋನ ಎಂದು ಆ ದಿನ ಸ್ಕೂಲಲ್ಲಿ ಮಿಸ್ಸು ಕಲಿಸಿದ್ದರು. ಮನೆಯಲ್ಲಿರುವ ಬೇರೆ ಯಾರಾದರೂ ಆಗಿ, ‘ನಾನು’ ಎಂದು ಬರೆದು ತರಬೇಕಿತ್ತು. ನಾನು ಹಸುವಾಗಿ ಬರೆದು ಗಟ್ಟಿಯಾಗಿ ಓದಿದೆ: “ನಾನು ಹಸು. ನನ್ನ ಕರು ಇಲ್ಲೇ ಇದೆ. ಅದನ್ನು ನೆಕ್ಕಿದರೆ ನನಗೆ ಖುಷಿ.”

“ನಾಳಿಕೆ ನನ್ನಂಗೂ ಬರಿ ಮಗ,” ಎಂದು ಅಜ್ಜಿ ನಕ್ಕಳು. “ಸೊಂಟನೋವು ಅನ್ನೋದ್ನ ಮರ್ತುಬುಟ್ಟೀಯ.”

ಅವ್ವ ನಗಲಿಲ್ಲ. “ಅದು ಕರು ಅಲ್ಲ ಅಂತ ಅದ್ಕೆ ಗೊತ್ತು ಕಣ್ ಮಗ,” ಎಂದಳು.

“ಗೊತ್ತಿದ್ರೆ ಯಾಕವ್ವ ನೆಕ್ತದೆ?”

“ನೆಕ್ದೆ ಇನ್ನೇನ್ ಮಾಡದು?”

ಅಜ್ಜಿಯ ಕೈ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕರೆಯತೊಡಗಿದಳು.

ಮಾರನೆಯ ದಿನ ನಾನು ಸ್ಕೂಲಿಂದ ಬಂದಾಗ ಅವ್ವನ ಮೊಣಕೈವರೆಗೂ ಮಣ್ಣು ಮೆತ್ತಿತ್ತು. ಹುಲ್ಲಿನ ಕರುವನ್ನು ಅವಳು ತೆಂಗಿನ ಬುಡದಲ್ಲಿ ಹೂತುಬಿಟ್ಟಿದ್ದಳು. ಅಂದಿನಿಂದ ಹಸು ಹಾಲು ಬಿಡಲಿಲ್ಲ. ತಾತ ಡೈರಿಗೆ ಹಾಲು ಒಯ್ಯುವ ಕ್ಯಾನನ್ನು ತೊಳೆದು ಗೋಡೆಯ ಪಕ್ಕ ಬೋರಲು ಹಾಕಿದ.