ಅರುಂಧತಿ ಕಾಣುವ ಜಾಗ

"ಇಲ್ಲೂ ಹಾಳು ಬೆಳಕು!" ಎಂದು ಅಶ್ವತ್ಥ ತನ್ನ ಸ್ಕೂಟರಿಗೇ ಒದ್ದ. ಗೋಕುಲಂ ಆಯಿತು, ಯಾದವಗಿರಿ ಆಯಿತು, ಬೆಟ್ಟದ ತಪ್ಪಲೂ ಆಯಿತು. ಎಲ್ಲಿ ತಲೆಯೆತ್ತಿದರೂ ಆಕಾಶ ಅಕ್ಕಿ ತೊಳೆದ ನೀರಿನಂತೆ ಮಸುಕು. ಬೀದಿದೀಪ ಹಾಕಿಸಿದವರನ್ನು ಬೈದ. ಬರುವ ದಾರಿಯಲ್ಲಿ ತನ್ನನ್ನು ಎತ್ತಿ ಹಾಕಿದ ಹಂಪ್ ಕಟ್ಟಿದವರನ್ನೂ ಬೈದ. ಅಶ್ವತ್ಥನ ಬಾಳಿನಲ್ಲಿ ತಪ್ಪೆಲ್ಲ ಬೇರೆಯವರದೇ.

ಈ ಅಲೆದಾಟಕ್ಕೆ ಕಾರಣ ಸಿಂಚನ. ಮಂಡಿ ಮೊಹಲ್ಲಾದ ಅವಳ ಮನೆಗೆ ಹೆಣ್ಣು ನೋಡಲು ಹೋದ ದಿನ ಅಶ್ವತ್ಥ ಮರ್ಯಾದಸ್ಥನಂತೆ ತಲೆ ತಗ್ಗಿಸಿ ಕಾಫಿ ಕುಡಿದಿದ್ದ. ಒಂದೇ ಸಲ ಕಣ್ಣೆತ್ತಿ, ಎದುರಿನ ಬಾಗಿಲಲ್ಲಿ ನಿಂತಿದ್ದ ಹಸಿರು ಸೀರೆಯತ್ತ ನೋಡಿದ್ದ. ಹಸಿರು ಸೀರೆ ನಾಚಿ ತಲೆಯ ಮೇಲೆ ಸೆರಗೆಳೆದುಕೊಂಡಿತ್ತು. ಅಲ್ಲಿಗೆ ಅವನ ಕಥೆ ಮುಗಿಯಿತು. "ಒಪ್ಪಿಗೆ" ಎಂದುಬಿಟ್ಟ.

ಮಾರನೆಯ ದಿನವೇ ಸಿಂಚನ ಫೋನಿನಲ್ಲಿ ಷರತ್ತು ಹಾಕಿದಳು.

"ಛತ್ರದಲ್ಲಿ ಹಾಡುಹಗಲೇ ಅರುಂಧತಿ ನಕ್ಷತ್ರ ತೋರಿಸ್ತಾರೆ. ಎಲ್ರೂ ಕಾಣ್ತು ಕಾಣ್ತು ಅಂತಾರೆ. ನೀವು ನಿಜವಾಗ್ಲೂ ತೋರಿಸ್ಬೇಕು ಕಣ್ರೀ. ತೋರಿಸಿದ್ರೇ ಮದುವೆ."

ಎಂಥ ರಸಿಕ ಹುಡುಗಿ ಎಂದು ಅಶ್ವತ್ಥ ಹಿಗ್ಗಿಹೋದ. ಸಪ್ತರ್ಷಿಗಳ ನಡುವೆ, ವಸಿಷ್ಠನ ಮಗ್ಗುಲಿಗೆ ಅಂಟಿಕೊಂಡ ಪುಟ್ಟ ಚುಕ್ಕಿ ಅರುಂಧತಿ. ಒಳ್ಳೆಯ ಕತ್ತಲೊಂದು ಸಿಕ್ಕಿದರೆ ಹುಡುಗಿ ತನ್ನವಳು ಎಂದುಕೊಂಡ.

ಕೊನೆಗೆ ಊರ ಹೊರಗೆ, ವರುಣ ಗ್ರಾಮದ ಆಚೆ ಒಂದು ಬಯಲು ಸಿಕ್ಕಿತು. ಸುತ್ತ ಒಂದು ದೀಪವಿಲ್ಲ. ಸಂಜೆ ಕಳೆದೊಡನೆ ಮೂವರೂ ಅಲ್ಲಿಗೆ ಹೊರಟರು. ಜೊತೆಗೆ ಬಂದ ಮೂರನೆಯವರು ಸಿಂಚನಳ ಅಜ್ಜಿ ಪುಟ್ಟತಾಯಮ್ಮ. ಕಾರು ತಾನೇ ಓಡಿಸುವುದಾಗಿ ಸಿಂಚನ ಹಟ ಹಿಡಿದಳು.

ಬಯಲಲ್ಲಿ ಇಳಿದ ಅಶ್ವತ್ಥ ಎದೆಯುಬ್ಬಿಸಿ ಬೆರಳು ಚಾಚಿದ. "ಅಗೋ ಅರುಂಧತಿ! ಕೆಂಪಗೆ ಎಷ್ಟು ಚೆನ್ನಾಗಿ ಹೊಳೀತಿದೆ!"

"ಅದು ಮೊಬೈಲ್ ಟವರ್ ದೀಪ," ಎಂದಳು ಸಿಂಚನ.

"ಉತ್ತರಕ್ಕೆ ನೋಡಪ್ಪ," ಎಂದರು ಪುಟ್ಟತಾಯಮ್ಮ. "ವಸಿಷ್ಠನ ಪಕ್ಕದಲ್ಲೇ ಅವಳೆ. ನಮ್ಮನೆ ಮಾಳಿಗೆ ಮೇಲಿಂದ್ಲೂ ಕಾಣ್ತಾಳೆ."

ಅಶ್ವತ್ಥನಿಗೆ ವಸಿಷ್ಠನೂ ಕಾಣಲಿಲ್ಲ. ಮದುವೆ ಮುರಿದುಬಿತ್ತೆಂದುಕೊಂಡು ಸಿಂಚನಳತ್ತ ತಿರುಗಿದ. ದನಿ ತಾನಾಗಿ ಏರಿತು.

"ನನ್ನ ಕಣ್ಣಿನ ಮೇಲೇ ಅನುಮಾನಾನಾ? ಹಸಿರು ಸೀರೇಲಿ ನಿಮ್ಮನ್ನ ಒಂದೇ ಸಲ ನೋಡಿ ಒಪ್ಕೊಂಡೋನು ನಾನು!"

ಪುಟ್ಟತಾಯಮ್ಮ ಕಿಸಕ್ಕನೆ ನಕ್ಕು ತಲೆಯ ಮೇಲೆ ಸೆರಗೆಳೆದುಕೊಂಡರು.

"ಆವತ್ತು ಹಸಿರು ಸೀರೆ ಉಟ್ಟಿದ್ದು ನಮ್ಮಜ್ಜಿ," ಎಂದಳು ಸಿಂಚನ. "ನಾನು ಕಾಫಿ ಕೊಟ್ಟೋಳು."