ಬೀಗರ ಭಾಷಣ

ಮದುವೆಯೂಟದ ನಡುವೆ ವಿಲ್ಫ್ ಹಾರ್ಡ್‌ಕ್ಯಾಸಲ್ ಚಮಚದಿಂದ ಗಾಜಿನ ಲೋಟ ತಟ್ಟಿ ಎದ್ದು ನಿಂತ. ಆಮೇಲಿನ ಹತ್ತು ನಿಮಿಷ ತನ್ನ ಒಬ್ಬನೇ ಮಗನ ಮಾನವನ್ನು ಹರಾಜಿಗಿಟ್ಟ. ನೀಲ್ ಹುಟ್ಟಿದ ದಿನ ದಾದಿ ಕೂಸನ್ನು ತಂದು ಕೈಗಿತ್ತಾಗ, ಬೇರೆ ಯಾವುದೂ ಉಳಿದಿಲ್ಲವೇ ಎಂದು ವಿಲ್ಫ್ ಕೇಳಿದ್ದನಂತೆ. ಮೂವತ್ತೆರಡು ವರ್ಷ ಇದೇ ಹ್ಯಾಲಿಫ್ಯಾಕ್ಸಿನಲ್ಲಿ ಬಸ್ಸು ಓಡಿಸಿದವನ ಮಗ ಲೈಸೆನ್ಸಿಗಾಗಿ ನಾಲ್ಕು ಸಲ ಪರೀಕ್ಷೆ ಕೊಟ್ಟನಂತೆ. ನಾಲ್ಕನೆಯ ಸಲ ಪಾಸು ಮಾಡಿದ ಅಧಿಕಾರಿ ಮರುದಿನವೇ ಕೆಲಸ ಬಿಟ್ಟನಂತೆ. “ನಮ್ ಸೊಸೆ ಮಾರ್ಸಿ ನಾಲ್ಕು ಸಾವಿರ ಮೈಲಿ ದಾಟಿ ಬಂದಿದಾಳೆ. ದಾರೀಲಿ ಇವನಿಗಿಂತ ಒಳ್ಳೆಯವನು ಒಬ್ಬನೂ ಸಿಗಲಿಲ್ಲ ಅಂದ್ರೆ, ಸಮುದ್ರದಲ್ಲಿ ಜನ ತೀರಾ ಕಡಿಮೆ ಅಂತ ಕಾಣುತ್ತೆ,” ಎಂದು ಮುಗಿಸಿ ಕುಳಿತ.

ಇಷ್ಟನ್ನೂ ಅವನು ಹೇಳಿದ್ದು ಸಾವಿನ ಮನೆಯಲ್ಲಿ ಕೂತವನ ಮುಖ ಹೊತ್ತು. ಆ ಮುಖ ನೋಡಿಯೇ ಜನ ಬಿದ್ದು ಬಿದ್ದು ನಗುತ್ತಿದ್ದರು. ನೀಲ್ ಕಿವಿಯವರೆಗೂ ಕೆಂಪಾಗಿ ಎಲ್ಲರಿಗಿಂತ ಜೋರಾಗಿ ನಕ್ಕ.

ನಗದೆ ಕುಳಿತವನು ಒಬ್ಬನೇ, ಮಾರ್ಸಿಯ ಅಪ್ಪ ರಾಯ್ಸ್ ಟಾಲಿವರ್. ಕಡಲಾಚೆಯ ಟೆನೆಸ್ಸಿಯಿಂದ ಬಂದಿಳಿದ ಮೂರು ದಿನಗಳಲ್ಲಿ ಅವನು ಕಂಡಕಂಡವರಿಗೆಲ್ಲ ಜೋಕು ಹೇಳಿದ್ದ. ಪ್ರತಿ ಜೋಕಿನ ಕೊನೆಗೂ ಎದುರಿನವರ ಭುಜ ತಟ್ಟಿ ‘ತಮಾಷೆಗಂದೆ’ ಎಂದು ಸೇರಿಸುತ್ತಿದ್ದ. ಡಂಗುರ ಹೊಡೆದು ಸಾರಬೇಕಾದ್ದು ಎಂಥ ತಮಾಷೆ ಎಂದು ವಿಲ್ಫ್‌ಗೆ ಅನಿಸಿತ್ತು. ಈಗ ಬೀಗರ ಬಾಯಿಂದಲೂ ಆ ‘ತಮಾಷೆಗಂದೆ’ ಬರಲೆಂದು ರಾಯ್ಸ್ ಕಾದ. ಬರಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ತಾನೇ ಎದ್ದ.

ನೀಲ್‌ನನ್ನು ತಾನು ಬಲ್ಲದ್ದು ಎರಡೇ ವರ್ಷದಿಂದ ಎಂದು ಶುರುಮಾಡಿದ. ಹೋದ ವಸಂತದಲ್ಲಿ ಹುಡುಗ ಮೂರು ವಾರದ ರಜೆಗೆಂದು ತಮ್ಮೂರಿಗೆ ಬಂದಿದ್ದ. ಬಂದ ಮರುದಿನವೇ ರಾಯ್ಸ್‌ನ ಹೆಂಡತಿ ಬಿದ್ದು ಸೊಂಟ ಮುರಿದುಕೊಂಡಳು. ಬೆಟ್ಟ ಕಣಿವೆ ನೋಡಬೇಕಿದ್ದವನು ಮೂರು ವಾರವೂ ಆಸ್ಪತ್ರೆಯಲ್ಲಿ ಕಳೆದ. “ಕಾಲು ಊರೋದಕ್ಕೇ ಹೆದರ್ತಿದ್ದೋಳನ್ನ ದಿನಾ ಕೈಹಿಡಿದು ನಡೆಸಿದ. ಇವತ್ತು ಅವಳು ಈ ಮಹಡಿ ಮೆಟ್ಟಿಲನ್ನ ಒಬ್ಬಳೇ ಹತ್ತಿ ಬಂದಳು. ಇಂಥ ಮಗ ನನಗಿದ್ದಿದ್ರೆ ಊರಿಗೆಲ್ಲ ಕೇಳೋ ಹಾಗೆ ಹೇಳ್ತಿದ್ದೆ.” ಅವನ ದನಿ ಒಡೆಯಿತು. ಕಣ್ಣೊರೆಸಿಕೊಂಡು ಕುಳಿತ.

ಉಟ್ಟ ಬಟ್ಟೆ ಜಾರಿದವರನ್ನು ಕಂಡಂತೆ ಗಂಡಿನ ಕಡೆಯವರೆಲ್ಲ ಕಣ್ಣು ತಗ್ಗಿಸಿದರು. ಯಾರೋ ಹುರಿದ ಮಾಂಸದ ತಟ್ಟೆಯನ್ನು ಸುಮ್ಮನೆ ಪಕ್ಕದವರತ್ತ ಸರಿಸಿದರು. ವಿಲ್ಫ್‌ಗೆ ಮೊದಲು ಬಂದದ್ದು ಕೋಪ, ಮನೆಯ ಮಾತನ್ನು ಹೀಗೆ ನಾಲ್ಕು ಜನರ ಮುಂದೆ ಹರವಿದನಲ್ಲ ಎಂದು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಈ ಆಸ್ಪತ್ರೆಯ ಕಥೆ ಅವನಿಗೆ ಗೊತ್ತೇ ಇರಲಿಲ್ಲ. ರಜೆ ಹೇಗಿತ್ತೆಂದು ಆಗ ಫೋನಿನಲ್ಲಿ ಕೇಳಿದ್ದಕ್ಕೆ, ಪರವಾಗಿಲ್ಲ, ಊಟ ಅಷ್ಟಕ್ಕಷ್ಟೆ ಎಂದಷ್ಟೇ ನೀಲ್ ಹೇಳಿದ್ದ.

ಗಾಳಿ ಬೇಕೆನಿಸಿ ಅವನು ಮೆಟ್ಟಿಲ ಬಳಿ ಬಂದು ನಿಂತ. ಹಿಂದೆಯೇ ರಾಯ್ಸ್ ಬಂದ. ದುಡುಕಿದೆ, ಇಲ್ಲಿನ ತಮಾಷೆಯ ರೀತಿಯೇ ಹೀಗೆಂದು ಮಗಳು ಕೈಚಿವುಟಿ ಬಿಡಿಸಿ ಹೇಳಿದಳು, ಕ್ಷಮಿಸಬೇಕು ಎಂದ.

ತಪ್ಪೇನಿಲ್ಲ ಎಂದ ವಿಲ್ಫ್. “ನಮ್ಮಲ್ಲಿ ಹೀಗೇನೆ ಬೀಗರೇ. ಹೊರಗಿನವರಾದ್ರೆ ಎರಡು ಒಳ್ಳೇ ಮಾತಾಡಿ ಕಳಿಸಿಬಿಡ್ತೀವಿ. ಬೈದು ಆಡ್ಕೊಳ್ಳೋದು ನಮ್ಮವರನ್ನ ಮಾತ್ರ.”

“ಹುಡುಗನಿಗೆ ಅದು ಗೊತ್ತಾ?”

“ಗೊತ್ತಿರುತ್ತೆ, ಬಿಡಿ.”

“ಯಾವತ್ತಾದ್ರೂ ಕೇಳಿದೀರಾ?”

ಬೇಕೆಂದರೆ ವಿಲ್ಫ್‌ನ ನಾಲಗೆಯ ತುದಿಯಲ್ಲಿ ನಾಲ್ಕು ಉತ್ತರಗಳಿದ್ದವು, ನಾಲ್ಕೂ ನಗಿಸುವಂಥವು. ಅವನು ಬೀಗರಿಗೆ ಬಾಗಿಲು ಹಿಡಿದು ಒಳಗೆ ಕರೆದುಕೊಂಡು ಬಂದ.

ಒಳಗೆ ಪುಡಿಂಗ್ ಬಡಿಸುತ್ತಿದ್ದರು. ವಿಲ್ಫ್ ತನ್ನ ಜಾಗಕ್ಕೆ ಹೋಗಿ, ಕೂರದೆ ನಿಂತೇ ಇದ್ದ. ಕಂಡವರು ಪಕ್ಕದವರನ್ನು ತಿವಿದರು. ನಗಲು ಸಿದ್ಧವಾಗಿ ಎಲ್ಲರೂ ಚಮಚ ಕೆಳಗಿಟ್ಟರು. ಮೂವತ್ತೆರಡು ವರ್ಷ ಡಬಲ್ ಡೆಕ್ಕರನ್ನು ಈ ಊರಿನ ಕಡಿದಾದ ಇಳಿಜಾರಿನಲ್ಲಿ ಇಳಿಸಿದವನು ಸ್ಟೀರಿಂಗ್ ಹಿಡಿದಂತೆ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದ.

“ನಮ್ ನೀಲ್ ಒಳ್ಳೇ ಹುಡುಗ,” ಎಂದ. ತುಸು ತಡೆದು, “ಅವನು ನನ್ನ ಮಗ ಅಂತ ನನಗೆ ಹೆಮ್ಮೆ,” ಎಂದು ಕುಳಿತುಬಿಟ್ಟ.

ಮುಂದಿನ ಮಾತಿಗಾಗಿ ಎಲ್ಲರೂ ಕಾದರು. ಅಷ್ಟೇ ಎಂದು ತಿಳಿದ ಕ್ಷಣ ಇಡೀ ಕೋಣೆ ಹೋ ಎಂದು ನಕ್ಕಿತು. ಅವನ ಜೊತೆ ಬಸ್ಸು ಓಡಿಸಿದ ಮುದುಕರು ಮೇಜು ಕುಟ್ಟಿದರು. ವಿಲ್ಫ್ ಇಷ್ಟು ವರ್ಷದಲ್ಲಿ ಇದಕ್ಕಿಂತ ದೊಡ್ಡ ಜೋಕು ಹೊಡೆದಿಲ್ಲ ಎಂದರು. ವಿಲ್ಫ್ ಯಾರನ್ನೂ ತಿದ್ದಲು ಹೋಗಲಿಲ್ಲ. ಆ ನಗೆಯ ನಡುವೆ ನೀಲ್ ಮಾತ್ರ ನಗಲಿಲ್ಲ; ಅಪ್ಪನತ್ತ ಒಮ್ಮೆ ನೋಡಿ, ಆಮೇಲೆ ತಲೆ ಎತ್ತದೆ, ಚಮಚ ತಾಗಿದರೆ ಕುಸಿಯುವಷ್ಟು ಮೆತ್ತಗಿದ್ದ ಪುಡಿಂಗನ್ನು ಚಾಕುವಿನಿಂದ ಸಣ್ಣಗೆ, ಇನ್ನೂ ಸಣ್ಣಗೆ ಹೆಚ್ಚುತ್ತಿದ್ದ.