ನಲವತ್ತರೊಳಗೆ

೨೦೨೪ರ ಅಕ್ಟೋಬರ್ ಹದಿನಾರು, ಬುಧವಾರ. ಗುಂಡ್ಲುಪೇಟೆಯ ಅಬ್ದುಲ್ ಸತ್ತಾರನ ಅಂಗಡಿಯಲ್ಲಿ ಮಾರಾಟಕ್ಕೆ ಉಳಿದಿದ್ದ ಮಳೆ ಅಂಗಿಗಳು ಏಳು. ಅವುಗಳಲ್ಲಿ ಮೀನುಗಾರ ಪುಟ್ಟಮಾದುವಿನ ಭುಜಕ್ಕೆ ಒಪ್ಪುವಂಥವು ಮೂರು. ಮೊದಲನೆಯದನ್ನು ಅವನು ತೊಡಲು ಹೊರಟಾಗ ಹೆಂಡತಿ ಮಲ್ಲಾಜಮ್ಮ ತಡೆದಳು. ತಾನು ನೆನೆಸಿ ತಂದಿದ್ದ ಬಲೆಯ ಹಗ್ಗದ ತುಂಡೊಂದನ್ನು ಚೀಲದಿಂದ ಹೊರತೆಗೆದಳು.

“ಮೊದ್ಲು ಇದ ಸೊಂಟಕ್ಕೆ ಕಟ್ಕೊ. ಆಮೇಲೆ ಅಂಗಿ.”

“ಇದೇನಮ್ಮಿ, ಅಂಗ್ಡಿಯೊಳ್ಗೆ ಮೀನ್ ಹಿಡಿಯಾಕಾ?”

“ಕಟ್ಕೊ ಅಂದೆ.”

ಹಂಗಳದಾಚೆಯ ಕೆರೆಯಲ್ಲಿ ತೆಪ್ಪ ನಡೆಸುವವರು ಬಲೆಯ ಹಗ್ಗದ ತುದಿಯನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಾರೆ. ಆಗ ಎರಡು ಕೈಗಳೂ ಹುಟ್ಟಿಗೆ ಸಿಗುತ್ತವೆ. ಇಷ್ಟು ವರ್ಷ ಪುಟ್ಟಮಾದು ಬರಿಮೈಯಲ್ಲಿ, ಗೊಬ್ಬರದ ಚೀಲವನ್ನು ಮಡಿಸಿ ಮಾಡಿದ ಗೊಪ್ಪೆಯನ್ನು ತಲೆಗೆ ಹಾಕಿಕೊಂಡೇ ಮಳೆ ಕಳೆದಿದ್ದ. ಹಿಂದಿನ ತಿಂಗಳು ಶೀತ ಶ್ವಾಸಕೋಶಕ್ಕೆ ಇಳಿದು ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ. ಇನ್ನು ಮೈ ನೆನೆಯಕೂಡದೆಂದು ವೈದ್ಯರು ಹೇಳಿ ಕಳುಹಿಸಿದ್ದರು.

“ನಾಳೆ ನೀರಿಗಿಳೀಲೇಬೇಕಾ, ಮಾದಣ್ಣ? ಟೀವೀಲಿ ಬಿರುಗಾಳಿ ಅಂತಿದ್ದಾರೆ,” ಎಂದ ಸತ್ತಾರ್.

“ಇರೋದು ಒಂದ್ ಬಲೆ ಸಾಬ್ರೆ. ಅದೂ ನೀರೊಳ್ಗೆ ಅದೆ. ಕೊಚ್ಕಂಡ್ ಹೋದ್ರೆ ಆಮೇಲೆ ಕೆರೆ ಮುಂದೆ ಕೂತ್ಕಂಡು ಬೀಡಿ ಸೇದ್ಬೇಕಾಯ್ತದೆ.”

ಗೋಪಾಲಸ್ವಾಮಿ ಬೆಟ್ಟ ಮಧ್ಯಾಹ್ನ ಮೂರಕ್ಕೇ ಮೋಡದೊಳಗೆ ಮರೆಯಾಗಿತ್ತು. ಪುಟ್ಟಮಾದು ಹಗ್ಗ ಬಿಗಿದುಕೊಂಡು, ಅದರ ಮೇಲೆ ಮೊಣಕಾಲಿನವರೆಗೆ ಇಳಿಯುವ ಗುಂಡಿಗಳ ಅಂಗಿ ತೊಟ್ಟ. ಮಲ್ಲಾಜಮ್ಮ ಬಾಗಿಲ ಬಳಿಯ ಬಕೆಟ್ಟಿನ ನೀರನ್ನು ತೊಟ್ಟ ಅಂಗಿಯ ಮೇಲೆ ಸುರಿದಳು. ಹಗ್ಗದ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು ಬಲವಾಗಿ ಜಗ್ಗಿದಳು.

“ಕಣ್ ಮುಚ್ಚು. ಗಂಟ ಬುಚ್ಚು. ಒಂದು, ಎರಡು, ಮೂರು…”

“ಮದುವೇಲೂ ಹಿಂಗೇ ಕಟ್ಟಿ ಎಳೆದ್ರಾ ನಿನ್ನ?” ಸತ್ತಾರ್ ನಕ್ಕ.

ಪುಟ್ಟಮಾದುವೂ ನಕ್ಕ; ನಗುತ್ತಲೇ ಗುಂಡಿಗಳನ್ನು ತಡಕಿದ. ಇಪ್ಪತ್ತಕ್ಕೆ ಅವನ ನಗು ನಿಂತಿತು. ಮೂವತ್ತೈದಕ್ಕೆ ಸತ್ತಾರನದೂ ನಿಂತಿತು. ಅರುವತ್ತೆರಡಕ್ಕೆ ಹಗ್ಗ ಬಿಚ್ಚಿಕೊಂಡಿತು.

ಎರಡನೆಯದಕ್ಕೆ ಜಿಪ್ಪು ಇತ್ತು. ಅದು ನಡುವಿನಲ್ಲಿ ಬಟ್ಟೆ ಕಚ್ಚಿ ನಿಂತಿತು, ಐವತ್ತೈದು. ಮೂರನೆಯದು ತಲೆಯಿಂದ ಇಳಿಬಿಡುವ ನಿಲುವಂಗಿ. ಅದು ಒದ್ದೆಯಾದೊಡನೆ ತೊಡೆಗಳಿಗೆ ಅಂಟಿತು, ಎತ್ತಿದಾಗ ಮುಖಕ್ಕೆ ಸುತ್ತಿಕೊಂಡಿತು. ಪ್ಲಾಸ್ಟಿಕ್ಕು ಅವನ ಬಾಯಿಯ ಮೇಲೆ ಒಳಕ್ಕೂ ಹೊರಕ್ಕೂ ಹೋಗಿಬರುವುದು ಕಾಣುತ್ತಿತ್ತು. ಮಲ್ಲಾಜಮ್ಮ ಎಣಿಕೆ ನಿಲ್ಲಿಸಲಿಲ್ಲ, ಹಗ್ಗವನ್ನೂ ಸಡಿಲಿಸಲಿಲ್ಲ. ನಲವತ್ತೇಳು.

“ಅಂಗಿ ಮೇಲೇ ಹಗ್ಗ ಕಟ್ಕೊಂಡ್ರೆ ಆಗಲ್ವಾ?” ಎಂದ ಸತ್ತಾರ್.

“ಪ್ಲಾಸ್ಟಿಕ್ ಮ್ಯಾಲೆ ನಿಲ್ಲಲ್ಲ ಸಾಬ್ರೆ. ಎದೆಗಂಟ ಜಾರಿ ಉಸ್ರು ಕಟ್ಟುತ್ತೆ.” ಪುಟ್ಟಮಾದು ಏದುಸಿರು ಬಿಡುತ್ತ ಹೆಂಡತಿಯ ಕಡೆ ತಿರುಗಿದ. “ಸಾಕು ಬುಡಮ್ಮಿ. ನಲವತ್ತೇಳಾದ್ರೆ ಏನೀಗ?”

“ನಲವತ್ತರೊಳ್ಗೆ ಆಗ್ಬೇಕು.”

“ನಲವತ್ತೇ ಯಾಕೆ?”

ಮಲ್ಲಾಜಮ್ಮ ಹಗ್ಗವನ್ನು ಕೈಯಿಂದ ಬಿಡಿಸಿಕೊಂಡಳು. ಅಂಗೈಯಲ್ಲಿ ಕೆಂಪು ಬರೆ ಬಿದ್ದಿತ್ತು. “ಹೋದ್ವರ್ಷ ನಮ್ಮಣ್ಣ ಸಿದ್ದಯ್ಯನ ತೆಪ್ಪ ಮಗುಚ್ದಾಗ ನಾನು ಏರಿ ಮ್ಯಾಲಿದ್ದೆ. ಬಲೆ ಅವನ್ನ ಎಳೀತಿತ್ತು. ಯಾರಾರ ಓಡ್ಬಂದಾರು, ಇಷ್ಟ್ರೊಳ್ಗೆ ಬಂದಾರು ಅಂತ ಎಣಿಸ್ತಾ ನಿಂತಿದ್ದೆ. ನಲವತ್ತಕ್ಕೆ ಕೈ ಕಾಣ್ನಿಲ್ಲ. ಹೆಣ ಎತ್ದಾಗ ಒಂದೇ ಒಂದು ಗುಂಡಿ ಬಿಚ್ಚಿತ್ತು.”

“ಈ ಎಣಿಕೆ ಇಸ್ಯ ನಂಗೆ ಯಾವತ್ತೂ ಹೇಳ್ನಿಲ್ವಲ್ಲ,” ಎಂದ ಪುಟ್ಟಮಾದು ತಗ್ಗಿದ ದನಿಯಲ್ಲಿ.

“ಯಾವ ಅಂಗಿ ಹಾಕಿದ್ದ?” ಸತ್ತಾರ್ ಕೇಳಿದ.

ಅವಳು ನೆಲದ ಮೇಲೆ ನೀರು ಬಿಡುತ್ತಿದ್ದ ಮೊದಲನೆಯ ಅಂಗಿಯನ್ನು ತೋರಿಸಿದಳು. “ಇಂಥದ್ದೇ. ಇಲ್ಲೇ ತಕ್ಕಂಡಿದ್ದ. ನಿಮ್ ತಪ್ಪಲ್ಲ ಬುಡಿ. ಗಂಟ ಒಳಗ್ಡೆ ಕಟ್ಕಂಡಿದ್ದು ಅವ್ನೇ.”

ಸತ್ತಾರ್ ಮೂರನೆಯ ಅಂಗಿಯನ್ನು ಮೇಜಿನ ಮೇಲೆ ಹರಡಿ, ಟಾರ್ಪಾಲು ಕತ್ತರಿಸುವ ಕತ್ತರಿಯಿಂದ ಹೊಟ್ಟೆಯ ಭಾಗದಲ್ಲಿ ಒಂದು ಗೇಣು ಅಡ್ಡಲಾಗಿ ಸೀಳಿದ. ಮಳೆ ಒಳಗಿಳಿಯದಂತೆ ಸೀಳಿನ ಮೇಲೆ ಅಗಲವಾದ ಪಟ್ಟಿಯೊಂದನ್ನು ಹೊಲಿದ. ಹೊಲಿಗೆ ಯಂತ್ರದ ಸದ್ದನ್ನೂ ಮೀರಿ ಗುಡುಗು ಕೇಳಿಸಿತು. ಮೂವರಲ್ಲಿ ಯಾರೂ ಬಾಗಿಲ ಕಡೆ ನೋಡಲಿಲ್ಲ.

ಮತ್ತೆ ಹಗ್ಗ, ಮತ್ತೆ ನೀರು. ಈ ಸಲ ಎಣಿಕೆಗೆ ಸತ್ತಾರನ ತುಟಿಗಳೂ ಅಲುಗುತ್ತಿದ್ದವು. ಪುಟ್ಟಮಾದು ಸೀಳಿನೊಳಗೆ ಎರಡು ಕೈ ತೂರಿಸಿದ. ಬೆರಳುಗಳು ಜಾರಿದವು, ಮರಳಿ ಹಿಡಿದವು. ಮೂವತ್ತಾರಕ್ಕೆ ಹಗ್ಗ ನೆಲಕ್ಕೆ ಬಿತ್ತು.

“ನೋಡು! ಇನ್ನೂ ನಾಕು ಮಿಕ್ಕೈತೆ!”

“ಇಲ್ಲಿ ಕಾಲ್ ಕೆಳ್ಗೆ ನೆಲ ಅದೆ,” ಎಂದಳು ಮಲ್ಲಾಜಮ್ಮ.

ಪುಟ್ಟಮಾದು ಅಂಗಿ ಮಡಿಸತೊಡಗಿದ. ಅವಳು ಆರುನೂರೈವತ್ತು ರೂಪಾಯಿಯನ್ನು ಮೇಜಿನ ಮೇಲಿಟ್ಟಳು. ಸತ್ತಾರ್ ಅದನ್ನು ಕೈಗೆತ್ತಿಕೊಳ್ಳದೆ ಬೆರಳ ತುದಿಯಿಂದ ಅವಳ ಕಡೆಗೇ ಸರಿಸಿದ.

“ಇವತ್ತು ಬೇಡ. ನಾಳೆ ಸಾಯಂಕಾಲ ಕೊಟ್ಟರೆ ಸಾಕು.”

“ನಮ್ಗೆ ಸಾಲ ಬ್ಯಾಡ ಸಾಬ್ರೆ. ನಾಳೆ ಗಾಳಿ ಮಳೇಲಿ ಇದಕ್ಕೋಸ್ಕರ ನಾನು ಇಲ್ಲಿಗಂಟ ಬರ್ಬೇಕಾ?”

“ನೀವು ತಂದರೆ ನಾನು ಮುಟ್ಟೋದಿಲ್ಲ ತಾಯಿ,” ಎಂದ ಸತ್ತಾರ್. “ಮಾದಣ್ಣನೇ ತಂದುಕೊಡಬೇಕು.”